ಆನೆಗೊಂದಿಯ ಮತ ಯಾರ ಸ್ವತ್ತು?

ಆನೆಗೊಂದಿಯ ಅಗಸೆಯಿಂದ ಹೊರಬಿದ್ದು ತುಂಗಭದ್ರೆಯ ದಂಡೆಯಲ್ಲಿ ನಿಂತರೆ ಎದುರಿಗೆ ತಳವಾರಘಟ್ಟವೂ ಅದರ ಹಿಂದೆ ಹಂಪೆಯ ಬಂಡೆಗಲ್ಲುಗಳೂ ಕಣ್ಣಿಗೆ ಬೀಳುತ್ತವೆ. ಈ ದಂಡೆಯಿಂದ ಕೂಗಿದರೆ ಆ ದಂಡೆಯ ಹರಿಗೋಲಿನವನಿಗೆ ಕೇಳಿಸುವದು. ಇಷ್ಟು ಸಮೀಪದ ಈ ಎರಡು ಊರುಗಳ ಜನರು ಒಂದೇ ಶಾಸನಸಭೆಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸಿದ್ದು ಮೊದಲು ಯಾವಾಗ ಎಂದು ಯಾರನ್ನಾದರೂ ಕೇಳಿ ನೋಡಿರಿ. ವಿಜಯನಗರದ ವೈಭವವನ್ನು ಬಾಯಿಪಾಠವಾಗಿ ಒಪ್ಪಿಸುವ ಶಾಲೆಯ ಹುಡುಗನೂ ಅವನಿಗೆ ಅದನ್ನು ಕಲಿಸಿದ ಮಾಸ್ತರರೂ ಈ ಪ್ರಶ್ನೆಗೆ ತಡವರಿಸುವರು. ಉತ್ತರವು 1957. ಅದಕ್ಕಿಂತ ಮುಂಚೆ ಒಂದು ದಿನವೂ ಇಲ್ಲ.

ಹೀಗೆ ತಡವಾಗಿ, ಬಹು ಕಷ್ಟದಿಂದ ಈ ಸೀಮೆಗೆ ಬಂದ ಮತವು 2008ರಿಂದ ಈಚೆಗೆ ಏನಾಗಿದೆ ಎಂಬದನ್ನು ವಾಚಕರ ಮುಂದೆ ಇಡುವದು ನಮ್ಮ ಇಂದಿನ ಉದ್ದೇಶ. ಒಂದು ಪಕ್ಷದ ಹೆಸರಿನಲ್ಲಿ ಜನರಿಂದ ಪಡೆದ ಮತವನ್ನು ಇನ್ನೊಂದು ಪಕ್ಷದ ಮನೆಗೆ ಒಯ್ದು ಇಳಿಸುವ ಪದ್ಧತಿಯು ಗಂಗಾವತಿ, ಕನಕಗಿರಿ, ಕೊಪ್ಪಳ ಕ್ಷೇತ್ರಗಳಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ಕಾಯದೆಯು ಅದನ್ನು ತಡೆಯಲು ಅಶಕ್ತವಾಗಿದೆ. ಮತ ಹಾಕಿದವನನ್ನು ನಡುವೆ ಯಾರೂ ಒಂದು ಮಾತು ಕೇಳುವದಿಲ್ಲ. ಇದು ಯಾವದೋ ಒಂದು ಪಕ್ಷದ ಮೇಲಿನ ದೂರಲ್ಲ. ಕೆಳಗೆ ಹೇಳುವ ಸಂಗತಿಗಳಲ್ಲಿ ಎಲ್ಲ ಪಕ್ಷಗಳ ಪಾಲೂ ಇದೆ.

ಮೊದಲು ಹಿಂದಿನ ಕಥೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬರೆದುಕೊಟ್ಟರು. ಹಂಪೆಯು ಮದ್ರಾಸ್ ಇಲಾಖೆಗೆ ಸೇರಿತು, ಆನೆಗೊಂದಿಯು ನಿಜಾಮರಲ್ಲಿಯೇ ಉಳಿಯಿತು. ಒಂದೇ ರಾಜಧಾನಿಯ ಎರಡು ಕೇರಿಗಳಂತಿದ್ದ ಊರುಗಳ ನಡುವಿನ ಹೊಳೆಯು ಎರಡು ಸರಕಾರಗಳ ಗಡಿಯಾಯಿತು. ಆಲೂರ ವೆಂಕಟರಾಯರು 1905ರಲ್ಲಿ ನವವೃಂದಾವನಕ್ಕೂ ಹಂಪೆಗೂ ಬಂದಾಗ ದಾಟಿದ್ದು ಈ ಗಡಿಯನ್ನೇ. ಅವರ ಮನಸ್ಸಿನಲ್ಲಿ ಅಖಂಡ ಕರ್ನಾಟಕದ ಕಲ್ಪನೆಯು ಇಂಥ ಸ್ಥಳದಲ್ಲಿ ಮೂಡಿದ್ದು ಆಶ್ಚರ್ಯವಲ್ಲ. ಒಡೆದ ನಾಡನ್ನು ಇಲ್ಲಿ ಬರಿಗಣ್ಣಿನಿಂದ ನೋಡಬಹುದಾಗಿತ್ತು.

ಆಚೆಯ ದಂಡೆಯವರಿಗೆ 1920ರಿಂದ ಮದ್ರಾಸ್ ಕೌನ್ಸಿಲಿಗೆ ಓಟು ಹಾಕುವ ಅಧಿಕಾರ ದೊರೆಯಿತು. ಎಲ್ಲರಿಗೂ ಅಲ್ಲ, ಭೂಮಿ, ತೆರಿಗೆ, ವಿದ್ಯೆ ಇವುಗಳ ಯೋಗ್ಯತೆ ಇದ್ದವರಿಗೆ ಮಾತ್ರ. 1935ರ ಕಾಯದೆಯ ತರುವಾಯ ಆ ಪಟ್ಟಿಯು ಬೆಳೆಯಿತು, 1937ರ ಚುನಾವಣೆಯಲ್ಲಿ ಹೊಸಪೇಟೆ ತಾಲೂಕಿನ ಒಕ್ಕಲಿಗನೂ ಸಾಲಿನಲ್ಲಿ ನಿಂತನು. ಅದೇ ವರ್ಷ ಆನೆಗೊಂದಿಯ ಒಕ್ಕಲಿಗನು ದಂಡೆಯ ಮೇಲೆ ನಿಂತು ಆಚೆಯ ಬಾವುಟಗಳನ್ನು ನೋಡಬಹುದಾಗಿತ್ತು, ಅಷ್ಟೇ. ಅವನ ಮೇಲೆ ಅರಸು, ಅರಸನ ಮೇಲೆ ನಿಜಾಮ. ಕೊಪ್ಪಳ, ಯಲಬುರ್ಗೆಯ ಕಡೆಗೆ ಹೋದರೆ ಸಾಲಾರಜಂಗರ ಜಹಗೀರು. ಕಂದಾಯ ಕೊಡುವ ಅಧಿಕಾರವೊಂದು ಎಲ್ಲರಿಗೂ ಇತ್ತು. ಅದರ ಲೆಕ್ಕ ಕೇಳಬೇಕೆಂದರೆ ಕಚೇರಿಯ ಭಾಷೆ ಉರ್ದು, ಕೇಳುವವನ ಭಾಷೆ ಕನ್ನಡ.

ನಿಜಾಮ ಸರಕಾರವೂ ಸುಧಾರಣೆಯ ಮಾತನಾಡದೆ ಇರಲಿಲ್ಲ. 1937ರಲ್ಲಿ ಅರವಮುದು ಅಯ್ಯಂಗಾರರ ಸಮಿತಿಯನ್ನು ನೇಮಿಸಿತು, 1939ರಲ್ಲಿ ಒಂದು ಯೋಜನೆಯನ್ನು ಸಾರಿತು. ಆ ಯೋಜನೆಯ ಚಮತ್ಕಾರವನ್ನು ವಾಚಕರು ಗಮನಿಸಬೇಕು. ತಾಲೂಕಿಗೆ ಇಷ್ಟು ಪ್ರತಿನಿಧಿಗಳು ಎಂಬ ಪದ್ಧತಿಯೇ ಅದರಲ್ಲಿ ಇರಲಿಲ್ಲ. ಜಹಗೀರುದಾರರಿಗೆ ಇಷ್ಟು, ಒಕ್ಕಲಿಗರಿಗೆ ಇಷ್ಟು, ವ್ಯಾಪಾರಸ್ಥರಿಗೆ ಇಷ್ಟು, ವಕೀಲರಿಗೆ ಇಷ್ಟು, ಪದವೀಧರರಿಗೆ ಇಷ್ಟು ಎಂದು ಕಸುಬುಗಳ ಮೇಲೆ ಸ್ಥಾನ ಹಂಚಲಾಗಿತ್ತು. ಅಂದರೆ ಗಂಗಾವತಿ ಎಂಬ ಊರಿಗಾಗಲಿ ಕುಷ್ಟಗಿ ಎಂಬ ಸೀಮೆಗಾಗಲಿ ಮಾತನಾಡುವ ಬಾಯಿ ಇರಲಿಲ್ಲ. ಆರಿಸಿ ಬರುವ ಸ್ಥಾನಗಳನ್ನು ಹಿಂದು ಮುಸಲ್ಮಾನರಿಗೆ ಸರಿಪಾಲು ಮಾಡಿದ್ದರು. ಪ್ರಜೆಗಳಲ್ಲಿ ಹಿಂದುಗಳೇ ಬಹುಪಾಲು. ಹಾಗೆಂದು ಆ ಸರಿಪಾಲಿನಿಂದ ಗಂಗಾವತಿಯ ಬಡ ಮುಸಲ್ಮಾನನಿಗೆ ಏನಾದರೂ ದೊರೆಯಿತೇ? ಓಟು ಅವನಿಗೂ ಇರಲಿಲ್ಲ. ಈ ಯೋಜನೆಯೂ ಯುದ್ಧದ ನೆವದಿಂದ ಮೂಲೆಗೆ ಬಿದ್ದು 1946ರಲ್ಲಿ ಜಾರಿಗೆ ಬಂದಾಗ ಸ್ಟೇಟ್ ಕಾಂಗ್ರೆಸ್ಸಿನವರು ಅದನ್ನು ಬಹಿಷ್ಕರಿಸಿದರು. ಆ ಸಂಸ್ಥೆಯನ್ನಂತೂ 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಲಾಗಿತ್ತು.

ಮುಂದಿನದು ಎಲ್ಲರೂ ಬಲ್ಲ ಕಥೆ. 1947ರಲ್ಲಿ ಹಂಪೆಗೆ ಸ್ವಾತಂತ್ರ್ಯ ಬಂದಿತು, ಆನೆಗೊಂದಿಗೆ ಬರಲಿಲ್ಲ. ಗಡಿಯಾಚೆ ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿಯೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿಯೂ ಶಿಬಿರಗಳು ನಡೆದವು. ಈ ಸೀಮೆಯ ತರುಣರು ಮನೆ ಮಠ ಬಿಟ್ಟು ಅಲ್ಲಿ ನೆಲೆಸಿ ರಜಾಕಾರರ ಠಾಣ್ಯಗಳ ಮೇಲೆ ಬಿದ್ದರು. 1948ರ ಸಪ್ಟಂಬರ 13ರಂದು ಭಾರತದ ಸೈನ್ಯವು ಒಳನುಗ್ಗಿತು, 17ರಂದು ನಿಜಾಮರು ಶರಣಾದರು. 1949ರಲ್ಲಿ ಜಹಗೀರುಗಳು ರದ್ದಾದವು.

1952ರ ಮೊದಲ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಈ ಜನರಿಗೆ ಚುನಾವಣೆಯ ಯಾವ ಅನುಭವವೂ ಇರಲಿಲ್ಲ. ಆಚೆಯ ದಂಡೆಯವರು 32 ವರ್ಷಗಳ ಕಾಲ ಹಂತಹಂತವಾಗಿ ಕಲಿತದ್ದನ್ನು ಈಚೆಯವರು ಒಂದೇ ದಿನ ಕಲಿಯಬೇಕಾಯಿತು. ಆಗ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ಅಕ್ಷರ ಬಾರದವರೂ ಚೀಟಿಯನ್ನು ಬೇಕಾದ ಪೆಟ್ಟಿಗೆಯಲ್ಲಿ ಹಾಕಿ ಬರಬಹುದಾಗಿತ್ತು. ಹೈದರಾಬಾದ ರಾಜ್ಯದ ವಿಧಾನಸಭೆಗೆ 175 ಸ್ಥಾನಗಳು. ಈ ಸೀಮೆಯ ಲೋಕಸಭಾ ಕ್ಷೇತ್ರಕ್ಕೆ ಕುಷ್ಟಗಿ ಎಂದು ಹೆಸರು. ದೇಶದಲ್ಲೆಲ್ಲ ಕಾಂಗ್ರೆಸ್ಸಿನ ಹೆಸರು ಮಂತ್ರದಂತೆ ನಡೆಯುತ್ತಿದ್ದ ಆ ಕಾಲದಲ್ಲಿ ಕುಷ್ಟಗಿಯ ಮತದಾರರು ಆರಿಸಿದ್ದು ಪಕ್ಷವಿಲ್ಲದೆ ಸ್ವತಂತ್ರರಾಗಿ ನಿಂತ ಶಿವಮೂರ್ತಿಸ್ವಾಮಿಗಳನ್ನು.

ಇದನ್ನು ನಾವು ಅಜ್ಞಾನದ ಮತವೆನ್ನಲಾರೆವು. ಅವರು ಬಲ್ಲವನಿಗೆ ಹಾಕಿದರು. ಮುಂಡರಗಿಯ ಶಿಬಿರವು ಅವರ ಕಣ್ಣೆದುರಿನ ಸಂಗತಿಯಾಗಿತ್ತು. ದಿಲ್ಲಿಯ ಗುರುತುಗಳು ಅಷ್ಟು ಹತ್ತಿರದವಾಗಿರಲಿಲ್ಲ. 1957ರಲ್ಲಿ ಅದೇ ಜನರು ಕಾಂಗ್ರೆಸ್ಸಿನ ಅಗಡಿಯವರನ್ನು ಆರಿಸಿದರು. 1962ರಲ್ಲಿ ಲೋಕಸೇವಕ ಸಂಘದ ಹೆಸರಿನಿಂದ ನಿಂತ ಸ್ವಾಮಿಗಳನ್ನು ಮತ್ತೆ ಕಳಿಸಿದರು. ಸ್ವಾಮಿಗಳೂ ಗುರುತು ಬದಲಿಸಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬದಲಿಸಿದರು, ಆದರೆ ಹೊಸ ಗುರುತನ್ನು ಹಿಡಿದು ಮತದಾರನ ಮುಂದೆ ಬಂದು ನಿಂತು ಅವನ ಒಪ್ಪಿಗೆಯನ್ನು ಕೇಳಿದರು. ಮುಂದೆ ಹೇಳಲಿರುವವರಿಗೂ ಅವರಿಗೂ ಇರುವ ಅಂತರವನ್ನು ವಾಚಕರು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

ಏಕೀಕರಣದ ವಿಷಯಕ್ಕೆ ಬಂದರೆ, 1953ರ ಅಕ್ಟೋಬರ 1ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರಿಗೆ ಸೇರಿದವು. ಹೊಳೆಯು ಆಗಲೂ ಗಡಿಯಾಗಿಯೇ ಉಳಿಯಿತು; ಆಚೆ ಮೈಸೂರು, ಈಚೆ ಹೈದರಾಬಾದು. 1955ರಲ್ಲಿ ಫಜಲ್ ಅಲಿಯವರ ಆಯೋಗವು ಹೈದರಾಬಾದಿನ ಕನ್ನಡ ಜಿಲ್ಲೆಗಳು ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ಆದರೆ ಅದೇ ಆಯೋಗವು ಅಣೆಕಟ್ಟಿನ ಸಲುವಾಗಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಶಿಫಾರಸು ಮಾಡಿತ್ತು. ಅದು ನಡೆದಿದ್ದರೆ ಆನೆಗೊಂದಿ ಕರ್ನಾಟಕದಲ್ಲಿ, ಹಂಪೆ ಆಂಧ್ರದಲ್ಲಿ! ವಿಜಯನಗರದ ಹೆಸರು ಹೇಳಿ ಏಕೀಕರಣಕ್ಕಾಗಿ ಹೋರಾಡಿದ ನಾಡಿಗೆ ವಿಜಯನಗರವೇ ಇಲ್ಲವಾಗುತ್ತಿತ್ತು. ಆ ಶಿಫಾರಸನ್ನು ಒಪ್ಪಲಿಲ್ಲ. 1956ರ ನವಂಬರ 1ರಂದು ಎರಡೂ ದಂಡೆಗಳು ಒಂದು ರಾಜ್ಯದಲ್ಲಿ ಕೂಡಿದವು, ನಾಲ್ಕು ತಿಂಗಳೊಳಗೆ ಚುನಾವಣೆ ಬಂದಿತು. 157 ವರ್ಷಗಳ ಮೇಲೆ ಹರಿಗೋಲಿನ ಎರಡು ತುದಿಗಳವರೂ ಒಂದೇ ಸಭೆಗೆ ಓಟು ಹಾಕಿದರು. ಆ ದಿನಕ್ಕೆ ಆನೆಗೊಂದಿಯಲ್ಲಿ ಒಂದು ಕಲ್ಲನ್ನಾದರೂ ನೆಡಬೇಕೆಂದು ನಮ್ಮ ಆಶೆ.

ತರುವಾಯದ ನಾಲ್ಕು ದಶಕಗಳನ್ನು ಬೇಗನೆ ದಾಟುವೆವು. ಆ ಕಾಲದ ರಾಜಕಾರಣವನ್ನು ಮಾಡಿದ್ದು ನೀರು. 1945ರ ಫೆಬ್ರುವರಿ 28ರಂದು ಆಚೆಯ ದಂಡೆಯಲ್ಲಿ ಮದ್ರಾಸಿನ ಗವರ್ನರರೂ ಈಚೆಯ ದಂಡೆಯಲ್ಲಿ ಬೇರಾರಿನ ಯುವರಾಜರೂ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಒಂದೇ ಕಟ್ಟೆಗೆ ಎರಡು ಅಡಿಗಲ್ಲು. 1953ರಿಂದ ನೀರು ಹರಿಯಹತ್ತಿತು. ಎಡದಂಡೆಯ ಕಾಲುವೆಯು ಗಂಗಾವತಿಯ ಜೋಳದ ಹೊಲವನ್ನು ಭತ್ತದ ಗದ್ದೆ ಮಾಡಿತು. ಕರಾವಳಿ ಆಂಧ್ರದ ಒಕ್ಕಲಿಗರು ಬಂದು ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿದರು. ಅವರ ಮಕ್ಕಳು ಇಂದು ಇಲ್ಲಿಯ ಮತದಾರರು. ಅವರನ್ನು ಪರಕೀಯರೆನ್ನುವದು ನಮಗೆ ಸಮ್ಮತವಲ್ಲ. ಕಾಲುವೆಯ ಮೇಲ್ಭಾಗದವನಿಗೆ ನೀರು, ಕೊನೆಯ ಭಾಗದವನಿಗೆ ಭಾಷಣ ಎಂಬ ಪರಿಪಾಠವು ಬಿದ್ದಿತು. ಕುಷ್ಟಗಿ, ಯಲಬುರ್ಗೆಯ ಒಣಭೂಮಿಯವರಿಗೆ ಆ ಭಾಷಣವೂ ಬರಗಾಲದ ವರ್ಷ ಮಾತ್ರ. ಗಂಗಾವತಿಯ ಎಚ್. ಜಿ. ರಾಮುಲು ಅವರು ನಾಲ್ಕು ಸಲ ಲೋಕಸಭೆಗೆ ಹೋದರು. ಆನೆಗೊಂದಿಯ ರಾಜಮನೆತನದ ಶ್ರೀರಂಗದೇವರಾಯಲು ಅವರು ಕನಕಗಿರಿ, ಗಂಗಾವತಿ ಕ್ಷೇತ್ರಗಳಿಂದ ಶಾಸಕರಾದರು, ಮಂತ್ರಿಗಳಾದರು. ಅಜ್ಜಂದಿರ ಕಾಲದಲ್ಲಿ ಪ್ರಜೆಯು ಅರಸನ ಬಾಗಿಲಿಗೆ ಹೋಗುತ್ತಿದ್ದನು. ಈಗ ಅರಸು ಮನೆತನದವರು ಪ್ರಜೆಯ ಬಾಗಿಲಿಗೆ ಬಂದು ಕೈಮುಗಿದರು. ಇಷ್ಟಾದರೂ ಓಟು ತಂದುಕೊಟ್ಟಿತಲ್ಲ.

ಇನ್ನು ನಮ್ಮ ಮುಖ್ಯ ವಿಷಯ. ಗಂಗಾವತಿಯಲ್ಲಿ 2004ರಲ್ಲಿ ಇಕ್ಬಾಲ್ ಅನ್ಸಾರಿ, 2008ರಲ್ಲಿ ಪರಣ್ಣ ಮುನವಳ್ಳಿ, 2013ರಲ್ಲಿ ಮತ್ತೆ ಅನ್ಸಾರಿ, 2018ರಲ್ಲಿ ಮತ್ತೆ ಮುನವಳ್ಳಿ, 2023ರಲ್ಲಿ ಜನಾರ್ದನ ರೆಡ್ಡಿ. ಕುಷ್ಟಗಿಯಲ್ಲಿಯೂ 2004ರಿಂದ 2023ರ ವರೆಗೆ ದೊಡ್ಡನಗೌಡ ಪಾಟೀಲ ಮತ್ತು ಅಮರೇಗೌಡ ಬಯ್ಯಾಪುರ ಇವರಿಬ್ಬರ ನಡುವೆ ಇದೇ ಉಯ್ಯಾಲೆ. ಪ್ರತಿ ಸಲ ಕುಳಿತವನನ್ನು ಇಳಿಸುವ ಈ ಗುಣವನ್ನು ಕಂಡು ನಮ್ಮ ಪಟ್ಟಣಗಳ ಗೃಹಸ್ಥರು ‘ಇಲ್ಲಿಯ ಮತದಾರ ಬಹು ಎಚ್ಚತ್ತವನು’ ಎಂದು ಹೊಗಳುತ್ತಾರೆ. ನಮಗೆ ಹಾಗೆನ್ನಿಸುವದಿಲ್ಲ. ಐದು ವರ್ಷಕ್ಕೊಮ್ಮೆ ಸಿಟ್ಟು ಬರುವದು ಎಚ್ಚರವಲ್ಲ. ನಡುವಿನ ನಾಲ್ಕು ವರ್ಷಗಳಲ್ಲಿ ಏನಾಯಿತು ಎಂಬದನ್ನು ನೋಡೋಣ.

2008ರಲ್ಲಿ ಕನಕಗಿರಿಯವರು ಶಿವರಾಜ ತಂಗಡಗಿಯವರನ್ನು ಸ್ವತಂತ್ರ ಅಭ್ಯರ್ಥಿಯಾಗಿ ಆರಿಸಿದರು. ಅವರು ಭಾರತೀಯ ಜನತಾ ಪಕ್ಷದ ಸರಕಾರದಲ್ಲಿ ಮಂತ್ರಿಗಳಾದರು. 2010ರಲ್ಲಿ ಬೆಂಬಲ ಹಿಂದೆಗೆದಾಗ ಸಭಾಧ್ಯಕ್ಷರು ಅವರನ್ನೂ ಇತರ ನಾಲ್ವರು ಸ್ವತಂತ್ರರನ್ನೂ ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. 2013ರಲ್ಲಿ ಅವರು ಕಾಂಗ್ರೆಸ್ಸಿನಿಂದ ಗೆದ್ದರು. ಕೊಪ್ಪಳದವರು 2008ರಲ್ಲಿ ಕರಡಿ ಸಂಗಣ್ಣನವರನ್ನು ಜನತಾದಳದಿಂದ ಕಳಿಸಿದರು. ಅವರು ರಾಜೀನಾಮೆ ಕೊಟ್ಟು 2011ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ಬಂದರು. 2016ರಲ್ಲಿ ರಾಜ್ಯಸಭೆಯ ಚುನಾವಣೆಯಲ್ಲಿ ಜನತಾದಳದ ಎಂಟು ಶಾಸಕರು ತಮ್ಮ ಪಕ್ಷಕ್ಕೆ ವಿರುದ್ಧವಾಗಿ ಮತ ಕೊಟ್ಟರು, ಗಂಗಾವತಿಯ ಅನ್ಸಾರಿಯವರು ಅವರಲ್ಲಿ ಒಬ್ಬರು. ಅನರ್ಹತೆಯ ದೂರು ಸಭಾಧ್ಯಕ್ಷರ ಮುಂದೆ ಸುಮಾರು ಎರಡು ವರ್ಷ ಬಿದ್ದಿತ್ತು. 2018ರ ಮಾರ್ಚಿಯಲ್ಲಿ ಅವಧಿ ಮುಗಿಯಲು ಬಂದಾಗ ರಾಜೀನಾಮೆ ಕೊಟ್ಟು ಕಾಂಗ್ರೆಸ್ಸಿಗೆ ನಡೆದರು.

ಕೊನೆಯದು ಎಲ್ಲಕ್ಕಿಂತ ವಿಚಿತ್ರ. ಗಣಿ ಪ್ರಕರಣದ ಜಾಮೀನಿನ ಷರತ್ತಿನಿಂದ ಬಳ್ಳಾರಿ ಜಿಲ್ಲೆಯೊಳಗೆ ಕಾಲಿಡಲು ಅನುಮತಿ ಇಲ್ಲದಿದ್ದ ರೆಡ್ಡಿಯವರು ಗಂಗಾವತಿಯಲ್ಲಿ ಮನೆ ಮಾಡಿ, 2022ರ ಡಿಸೆಂಬರದಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವೆಂಬ ಹೊಸ ಪಕ್ಷವನ್ನು ಸ್ಥಾಪಿಸಿ, 2023ರ ಮೇದಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಮತಗಳಿಂದ ಗೆದ್ದರು. ಇಡೀ ರಾಜ್ಯದಲ್ಲಿ ಆ ಪಕ್ಷಕ್ಕೆ ದೊರೆತದ್ದು ಅದೊಂದೇ ಸ್ಥಾನ. 2024ರ ಮಾರ್ಚಿಯಲ್ಲಿ ಪಕ್ಷವನ್ನೇ ಭಾರತೀಯ ಜನತಾ ಪಕ್ಷದಲ್ಲಿ ವಿಲೀನಮಾಡಿದರು. ಸಂವಿಧಾನದ ಹತ್ತನೆಯ ಅನುಸೂಚಿಯಂತೆ ಶಾಸಕ ಪಕ್ಷದ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಿದರೆ ವಿಲೀನಕ್ಕೆ ಅಡ್ಡಿಯಿಲ್ಲ. ಒಬ್ಬನೇ ಸದಸ್ಯನ ಪಕ್ಷದಲ್ಲಿ ಆ ಎರಡು ಪಾಲನ್ನು ಲೆಕ್ಕ ಹಾಕುವ ಕೆಲಸವನ್ನು ನಾವು ಗಣಿತದ ಮಾಸ್ತರರಿಗೆ ಬಿಡುವೆವು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯವು ಓಬಳಾಪುರಂ ಗಣಿ ಪ್ರಕರಣದಲ್ಲಿ ಅವರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು, ಸ್ಥಾನವು ಹೋಯಿತು, ಜೂನದಲ್ಲಿ ತೆಲಂಗಾಣದ ಹೈಕೋರ್ಟು ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಪ್ರಕರಣದ ಗುಣದೋಷಗಳು ನ್ಯಾಯಾಲಯಕ್ಕೆ ಸೇರಿದವು, ಅವನ್ನು ನಾವು ಮುಟ್ಟುವದಿಲ್ಲ. ನಮ್ಮ ಪ್ರಶ್ನೆಯು ವಿಲೀನದ ದಿನಕ್ಕೆ ಸೇರಿದ್ದು. 2023ರಲ್ಲಿ ಆ ಹೊಸ ಪಕ್ಷಕ್ಕೆ ಓಟು ಹಾಕಿದ ಆನೆಗೊಂದಿಯವನು ಭಾರತೀಯ ಜನತಾ ಪಕ್ಷದ ಉಮೇದುವಾರನನ್ನು ಸೋಲಿಸಲು ಹಾಕಿದ್ದನೋ ಇಲ್ಲವೋ? ಅವನನ್ನು ಕೇಳಿದವರು ಯಾರು?

ನಮ್ಮ ಕಸುಬಿನ ಒಂದು ಮಾತನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಕಕ್ಷಿಗಾರನು ವಕಾಲತ್ತಿಗೆ ಸಹಿ ಮಾಡಿಕೊಟ್ಟ ಮೇಲೆ ವಕೀಲನು ದಾವೆಯ ನಡುವೆ ಎದುರುಪಕ್ಷದ ಬೆಂಚಿಗೆ ಹೋಗಿ ಕುಳಿತರೆ ಅವನ ಸನದು ಉಳಿಯುವದಿಲ್ಲ. ಹೊಲದ ಬದುವಿನ ದಾವೆಗೆ ಇರುವ ಈ ರಕ್ಷಣೆಯು ರಾಜ್ಯವನ್ನಾಳುವ ವಕಾಲತ್ತಿಗೆ ಏಕೆ ಇರಬಾರದು? 1985ರಲ್ಲಿ ಹತ್ತನೆಯ ಅನುಸೂಚಿಯನ್ನು ತಂದದ್ದೇ ಇದಕ್ಕಾಗಿ. ಆದರೆ ಅದರಲ್ಲಿ ಮೂರು ಕಿಂಡಿಗಳಿವೆ: ತೀರ್ಮಾನಿಸುವವರು ಪಕ್ಷದವರೇ ಆದ ಸಭಾಧ್ಯಕ್ಷರು, ವಿಲೀನವೆಂಬ ಬಾಗಿಲು ತೆರೆದಿದೆ, ರಾಜೀನಾಮೆ ಕೊಟ್ಟವನು ಮೂರು ತಿಂಗಳಲ್ಲಿ ಹೊಸ ಅಂಗಿ ತೊಟ್ಟು ಅದೇ ಕುರ್ಚಿಗೆ ಬರಬಹುದು.

‘ಉಪಚುನಾವಣೆಯಲ್ಲಿ ಮತದಾರರೇ ಆರಿಸಿದ ಮೇಲೆ ನಿಮ್ಮದೇನು ತಕರಾರು?’ ಎಂದು ಮಿತ್ರರೊಬ್ಬರು ನಮ್ಮನ್ನು ಕೇಳಿದರು. ಇದು ತಳ್ಳಿಹಾಕುವ ಮಾತಲ್ಲ. 2019ರಲ್ಲಿ ಮೈತ್ರಿ ಸರಕಾರವನ್ನು ಬೀಳಿಸಿದ 17 ಶಾಸಕರಲ್ಲಿ ಹೊಸಪೇಟೆಯ ಆನಂದಸಿಂಗರೂ ನಮ್ಮ ನೆರೆಯ ಮಸ್ಕಿಯ ಪ್ರತಾಪಗೌಡ ಪಾಟೀಲರೂ ಇದ್ದರು. ಆಚೆಯ ದಂಡೆಯವರು ಆನಂದಸಿಂಗರನ್ನು ಅದೇ ವರ್ಷ ಡಿಸೆಂಬರದಲ್ಲಿ ಮತ್ತೆ ಆರಿಸಿದರು. ಮಸ್ಕಿಯವರು 2021ರ ಏಪ್ರಿಲದಲ್ಲಿ ಪ್ರತಾಪಗೌಡರನ್ನು ಮೂವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಮನೆಗೆ ಕಳಿಸಿದರು. ಹಾಗಾದರೆ ಮತದಾರನು ಸ್ವತಂತ್ರನೇ ಅಲ್ಲವೇ? ಅಹುದು, ಆದರೆ ಮಸ್ಕಿಯವರು ಆ ಸ್ವಾತಂತ್ರ್ಯಕ್ಕಾಗಿ ಸುಮಾರು ಎರಡು ವರ್ಷ ಶಾಸಕನಿಲ್ಲದೆ ಕಾಯಬೇಕಾಯಿತು. ಉಪಚುನಾವಣೆಯೆಂದರೆ ಇಡೀ ಮಂತ್ರಿಮಂಡಳವು ಒಂದು ತಾಲೂಕಿನಲ್ಲಿ ಬೀಡುಬಿಡುವ ಕಾಲ. ಅಂಥ ದಿನಗಳಲ್ಲಿ ಬಡವನ ಒಪ್ಪಿಗೆಯನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆ ಎಂಬದನ್ನೂ ನೋಡಬೇಕು.

ಆ 17 ಜನರು ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂದು ಸಭಾಧ್ಯಕ್ಷರು ಆಜ್ಞೆ ಮಾಡಿದ್ದರು. 2019ರ ನವಂಬರದಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ನಿಲ್ಲಬಾರದೆಂಬ ಭಾಗವನ್ನು ಮಾತ್ರ ತೆಗೆದುಹಾಕಿತು. ಅಂಥ ಅಧಿಕಾರವು ಕಾಯದೆಯಲ್ಲಿ ಸಭಾಧ್ಯಕ್ಷರಿಗೆ ಇಲ್ಲ. ಕಾಯದೆಯ ದೃಷ್ಟಿಯಿಂದ ತೀರ್ಪು ಸರಿಯಾದದ್ದೇ. ಆದುದರಿಂದ ಕಾಯದೆಯೇ ಬದಲಾಗಬೇಕು. ಪಕ್ಷ ಬಿಡಲು ರಾಜೀನಾಮೆ ಕೊಟ್ಟವನು ಆ ಸಭೆಯ ಅವಧಿ ಮುಗಿಯುವವರೆಗೆ ಉಮೇದುವಾರನಾಗಕೂಡದು, ಮಂತ್ರಿಯೂ ಆಗಕೂಡದು. ತೀರ್ಮಾನವು ಸಭಾಧ್ಯಕ್ಷರಿಂದ ನ್ಯಾಯಮಂಡಲಿಗೆ ಹೋಗಬೇಕು, ಅದಕ್ಕೆ ಮೂರು ತಿಂಗಳ ಗಡುವಿರಬೇಕು. ಮೂರು ಸದಸ್ಯರಿಗಿಂತ ಕಡಿಮೆ ಇರುವ ಪಕ್ಷಕ್ಕೆ ವಿಲೀನದ ಬಾಗಿಲನ್ನು ಮುಚ್ಚಬೇಕು.

ಲೋಕಸಭೆಯು ಇದನ್ನು ಮಾಡುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಆನೆಗೊಂದಿಯ ಸೇತುವೆಯ ಕಥೆಯು ಎಲ್ಲರಿಗೂ ನೆನಪಿರಬೇಕು. ತಳವಾರಘಟ್ಟಕ್ಕೆ ಸೇತುವೆಯನ್ನು ಎಷ್ಟೋ ಚುನಾವಣೆಗಳಲ್ಲಿ ಕೊಟ್ಟರು, ಕೆಲಸ ಹಿಡಿದರು, ಹಂಪೆಯ ಸ್ಮಾರಕಗಳಿಗೆ ಧಕ್ಕೆಯಾಗುವದೆಂದು ಯುನೆಸ್ಕೋದ ಆಕ್ಷೇಪ ಬಂದು ವರ್ಷಾನುವರ್ಷ ನಿಂತಿತು, ಮತ್ತೆ ಹಿಡಿದಾಗ 2009ರ ಜನವರಿ 22ರಂದು ಕುಸಿದು ಕೆಲಸದಾಳುಗಳು ಪ್ರಾಣ ಕಳಕೊಂಡರು. ಕಡೆಗೆ ಸೇತುವೆಯಾದದ್ದು ಕಡೆಬಾಗಿಲು ಬುಕ್ಕಸಾಗರಗಳ ನಡುವೆ. ಇಷ್ಟು ಕಾಲದಲ್ಲಿ ಈ ಕ್ಷೇತ್ರದ ಶಾಸಕರು ಎಷ್ಟು ಜನ ಬದಲಾದರು, ಅವರಲ್ಲಿ ಯಾರು ಈ ಬಗ್ಗೆ ಸಭೆಯಲ್ಲಿ ಏನು ಕೇಳಿದರು ಎಂಬದನ್ನು ಯಾವ ಊರಿನ ಜನರೂ ಬರೆದಿಟ್ಟಂತೆ ನಮಗೆ ಕಾಣಲಿಲ್ಲ. ಬರೆದಿಡಬಲ್ಲವರು ಯಾರು? ಮತಗಟ್ಟೆಯಲ್ಲಿ ಹಗಲೆಲ್ಲ ಕುಳಿತು ಮತದಾರನ ಬೆರಳಿಗೆ ಮಸಿ ಹಚ್ಚಿಸುವ ಮಾಸ್ತರರಿಗೆ ಪಕ್ಷದ ರಾಜಕಾರಣವು ನಿಷಿದ್ಧ, ಅದು ಯೋಗ್ಯವೇ. ಆದರೆ ತಮ್ಮ ಊರಿನ ಚುನಾವಣೆಗಳ ಇತಿಹಾಸವನ್ನು ಮಕ್ಕಳಿಂದ ಬರೆಯಿಸುವದು ನಿಷಿದ್ಧವಲ್ಲ.

ಪಟ್ಟಣದ ವಕೀಲರು, ವ್ಯಾಪಾರಸ್ಥರು, ನಿವೃತ್ತ ಮಾಸ್ತರರು ಇವರಿಗೆ ನಮ್ಮ ಸೂಚನೆ ಬೇರೆ. ಬರುವ ಚುನಾವಣೆಯಲ್ಲಿ ಗಂಗಾವತಿ, ಕನಕಗಿರಿ, ಕೊಪ್ಪಳ, ಕುಷ್ಟಗಿ, ಯಲಬುರ್ಗೆಗಳಲ್ಲಿ ಒಂದೊಂದು ಸಭೆಯನ್ನು ಕೂಡಿಸಿ ಪ್ರತಿಯೊಬ್ಬ ಉಮೇದುವಾರನಿಗೂ ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕೊಡಬೇಕು: ಗೆದ್ದ ಮೇಲೆ ಪಕ್ಷವನ್ನು ಬಿಡುವ ಪ್ರಸಂಗ ಬಂದರೆ ಸ್ಥಾನವನ್ನೂ ಬಿಟ್ಟು ಆ ಅವಧಿ ಮುಗಿಯುವವರೆಗೆ ಮನೆಯಲ್ಲಿ ಇರುವಿರಾ? ಉತ್ತರವನ್ನು ಸಹಿಯೊಡನೆ ಪಡೆಯಬೇಕು. ಕೋರ್ಟಿನಲ್ಲಿ ಆ ಕಾಗದಕ್ಕೆ ಬೆಲೆಯಿಲ್ಲವೆಂಬದು ನಮಗೂ ಗೊತ್ತು. ಅದನ್ನು ಅಗಸೆಗೆ ಅಂಟಿಸಿದರೆ ಬರುವ ಬೆಲೆಯೇ ಬೇರೆ. ನಮಗೆ ತಲುಪಿದ ಉತ್ತರಗಳನ್ನು ಹೆಸರು ಸಹಿತ ಈ ಪುಟದಲ್ಲಿ ಅಚ್ಚುಹಾಕುವೆವು, ಉತ್ತರ ಕೊಡದವರ ಹೆಸರುಗಳನ್ನೂ ಅದೇ ಅಕ್ಷರದಲ್ಲಿ.